ಮರೆವ್ವನ ಕೈ, ಹಳದಿ ಪುಡಿ

ಹಂದಿ ಸಾಕುವವರನ್ನು ಕಂಡರೆ ಮೂಗು ಮುಚ್ಚಿಕೊಂಡು ದಾಟಿ ಹೋಗುವ ಜನರನ್ನು ನೋಡುತ್ತಲೇ ನಾನು ಬೆಳೆದವಳು. ಕಿತ್ತೂರಿನ ನಮ್ಮ ಕೇರಿಯಲ್ಲಿ ನಮ್ಮ ಮನೆಗೂ ಹಂದಿಗಳಿದ್ದವು. ಶಾಲೆಯಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಹೀಗಾಗಿ ಹೇಸಿಗೆ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೊದಲು ಬರುವುದು ಸಿಟ್ಟು. ಆದರೆ ಮರೆವ್ವನ ವಿಷಯ ಹೇಳಲು ಕೂತರೆ ಆ ಮಾತು ಬಿಟ್ಟು ಬೇರೆ ಮಾತು ಸಿಗುವುದಿಲ್ಲ. ಆ ಹೇಸಿಗೆ ಹಂದಿಗಳದಲ್ಲ, ಅಷ್ಟನ್ನು ಮೊದಲೇ ಹೇಳಿಬಿಡುತ್ತೇನೆ.

ಮರೆವ್ವನದು ಸವದತ್ತಿ ತಾಲೂಕಿನ ಒಂದು ಹಳ್ಳಿ. ಬೈಲಹೊಂಗಲದಿಂದ ಬಸ್ಸು ಹತ್ತಿ, ಚಚಡಿ ದಾಟಿ ಇಳಿದು, ಎರೆಹೊಲಗಳ ನಡುವಿನ ಕಚ್ಚಾ ದಾರಿಯಲ್ಲಿ ನಡೆದರೆ ಸಿಗುತ್ತದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯ ದೊಡ್ಡ ಮನೆಯವರ ಮೊಮ್ಮಕ್ಕಳು ನನ್ನ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾರೆ, ಈ ವಯಸ್ಸಿನಲ್ಲಿ ನನಗೆ ಅವರ ಮುಖ ನೋಡುವ ಆಸೆಯಿಲ್ಲ.

ಮರೆವ್ವ ಎತ್ತರದ ಹೆಂಗಸು. ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ತಮ್ಮ ಶಟ್ಟೆಪ್ಪನ ಮನೆಗೆ ಹೊಂದಿಕೊಂಡ ಒಂದು ಖೋಲಿಯಲ್ಲಿ ಅವಳ ಸಂಸಾರ. ಅಗಲವಾದ ಅಂಗೈ, ಉದ್ದ ಬೆರಳು. ಹತ್ತಿ ಬಿಡಿಸಲು ಊರಿನವರು ಮೊದಲು ಕರೆಯುತ್ತಿದ್ದುದು ಅವಳನ್ನೇ. ಅವಳು ರೊಟ್ಟಿ ಬಡಿಯುವ ಸಪ್ಪಳ ಕೇರಿಯ ಆಚೆಗೂ ಕೇಳುತ್ತಿತ್ತಂತೆ. ಕೊಸರಾಡುವ ಹಂದಿಮರಿಯ ಹಿಂಗಾಲನ್ನು ಒಮ್ಮೆ ಹಿಡಿದಳೆಂದರೆ ಅದು ಆಸೆ ಬಿಟ್ಟು ಸುಮ್ಮನಾಗುತ್ತಿತ್ತು. ಆ ಎರಡು ಕೈ, ಊರ ಹೊರಗೆ ಅಲೆದಾಡಿ ಸಂಜೆ ಅವಳ ಕೂಗಿಗೆ ಮರಳುವ ಒಂದಿಷ್ಟು ಕರಿ ಹಂದಿ, ಇವಿಷ್ಟೇ ಅವಳ ಆಸ್ತಿ.

ಎಪ್ಪತ್ತರ ದಶಕದಲ್ಲಿ ಸರಕಾರ ಬಡವರಿಗೆ ವಿಲಾಯಿತಿ ಬಿಳಿ ಹಂದಿ ಕೊಡಿಸುವ ಯೋಜನೆಯೊಂದನ್ನು ತಂದಿತು. ಸುದ್ದಿ ಕೇರಿಗೆ ತಲುಪುವ ಮೊದಲೇ ದೊಡ್ಡ ಮನೆಯ ನಿಜಗುಣಪ್ಪನಿಗೆ ತಲುಪಿತು. ಇವನಿಗೆ ಬಹುವಚನ ಹಚ್ಚಲು ನನ್ನ ನಾಲಿಗೆ ಒಪ್ಪುವುದಿಲ್ಲ, ಓದುವವರು ಕ್ಷಮಿಸಬೇಕು. ಹೊಲ, ತೋಟ, ಬೈಲಹೊಂಗಲದ ಪೇಟೆಯಲ್ಲಿ ಅರಳೆ ಅಂಗಡಿ, ಎಲ್ಲ ಇದ್ದವನು. ಹಣೆತುಂಬ ವಿಭೂತಿ, ದಿನಕ್ಕೆ ಎರಡು ಹೊತ್ತು ಪೂಜೆ. ಅವನ ಮನೆಯಲ್ಲಿ ತತ್ತಿ, ಮೊಟ್ಟೆ ಎಂಬ ಪದ ಕೂಡ ಆಡುವಂತಿರಲಿಲ್ಲ. ಉಣ್ಣುವಾಗ ಹಂದಿಯ ದನಿ ಕೇಳಿದರೆ ಎಲೆ ಬಿಟ್ಟು ಏಳುತ್ತಿದ್ದ. ಅಂಥವನಿಗೆ ಗೋವೆಯಲ್ಲಿ ಬಿಳಿ ಹಂದಿಗೆ ಎಂಥ ಬೇಡಿಕೆಯಿದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಅರ್ಜಿಗೆ ನಿಜಗುಣಪ್ಪ ಮರೆವ್ವನ ಹೆಬ್ಬೆಟ್ಟು ಒತ್ತಿಸಿದ. ಹಂದಿಗಳು ಅವಳ ಹೆಸರಿನಲ್ಲಿ ಬಂದವು. ಹಳ್ಳದ ಆಚೆಗಿದ್ದ ನಿಜಗುಣಪ್ಪನ ಪಾಳು ಜಮೀನಿನಲ್ಲಿ, ಗಾಳಿ ಅವನ ಮನೆಯತ್ತ ಬೀಸದ ದಿಕ್ಕು ನೋಡಿ, ಗೋಡೆ ಎತ್ತಿಸಿ ಹಂದಿಮನೆ ಕಟ್ಟಿಸಿದ. ಹೆಸರು ಅವಳದು, ಮಾರಾಟದ ಹಣ ಅವನದು, ಮುಸುರೆ ಹೊತ್ತು ಹಾಕುವ ಕೂಲಿ ಅವಳಿಗೆ. ಇದು ಯಾರಿಗೂ ಗೊತ್ತಿಲ್ಲ ಎಂದು ಅವನು ತಿಳಿದಿದ್ದ. ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ ಅಷ್ಟೆ.

ಹಂದಿಮನೆಗೆ ಅವನು ಒಮ್ಮೆಯೂ ಕಾಲಿಡಲಿಲ್ಲ. ಸರಕಾರಿ ಪಶುವೈದ್ಯರನ್ನೂ ಕರೆಸಲಿಲ್ಲ. ಅವರ ಜೀಪು ಹಳ್ಳದ ಆಚೆ ನಿಂತರೆ ಇವು ಯಾರ ಹಂದಿ ಎಂಬ ಮಾತು ಏಳುತ್ತದಲ್ಲ. ವೈದ್ಯರ ಬದಲಿಗೆ ಅವನಿಗೆ ಒಬ್ಬ ಔಷಧದ ಏಜೆಂಟ್ ಸಿಕ್ಕಿದ. ಎರಡು ಮೂರು ಔಷಧ ಬೆರೆಸಿದ ಹಳದಿ ಪುಡಿ, ರೋಗ ಬಂದಾಗಲಷ್ಟೇ ಅಲ್ಲ, ದಿನಾ ಮುಸುರೆಯಲ್ಲಿ ಸ್ವಲ್ಪ ಕಲಸಿ ಹಾಕುತ್ತ ಬಂದರೆ ಹಂದಿ ಬೇಗ ಕೊಬ್ಬುತ್ತದೆ ಎಂದು ಅವನು ಹೇಳಿದ. ಎಮ್ಮೆಗಳಿಗೆ ಎಂದು ಹೇಳಿ ನಿಜಗುಣಪ್ಪ ಚೀಲಗಟ್ಟಲೆ ತರಿಸಿದ.

ಪುಡಿಯನ್ನು ತಂದುಕೊಡುವ ಕೆಲಸ ಅವನ ಮನೆಯ ಆಳು ಲಕ್ಕಪ್ಪನದು. ಲಕ್ಕಪ್ಪ ಕೆಟ್ಟವನಲ್ಲ. ಆದರೆ ಊರ ಪದ್ಧತಿ ಪದ್ಧತಿಯೇ. ಮರೆವ್ವನ ಕೈಗೆ ಕೈ ತಾಗಬಾರದು, ಅವಳ ಪಾತ್ರೆಗೆ ತನ್ನ ಡಬ್ಬಿ ತಾಗಬಾರದು. ಅವಳು ಹಂದಿಮನೆಯ ಗೋಡೆಯ ಕೆಳಗೆ ಸೆರಗೊಡ್ಡಿ ನಿಲ್ಲಬೇಕು, ಅವನು ಮೇಲಿನಿಂದ ಸುರಿಯಬೇಕು. ತೂಕವಿಲ್ಲ, ಅಳತೆಯಿಲ್ಲ. ಒಂದು ದಿನ ಬೊಗಸೆ, ಇನ್ನೊಂದು ದಿನ ಚಿಟಿಕೆ. ಅರ್ಧ ಗಾಳಿಗೆ ಹಾರಿ ಅವಳ ಮುಖಕ್ಕೂ ಕೂದಲಿಗೂ ಮೆತ್ತುತ್ತಿತ್ತು. ಇದು ಎಂಥ ಪುಡಿ, ಎಷ್ಟು ಹಾಕಬೇಕು, ಯಾವಾಗ ನಿಲ್ಲಿಸಬೇಕು ಎಂದು ಅವಳಿಗೆ ಹೇಳಬೇಕಾದರೆ ಅವಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕಲ್ಲ, ಯಾರೂ ನಿಲ್ಲಲಿಲ್ಲ.

ಮೊದಮೊದಲು ಹಂದಿಗಳು ಮೈತುಂಬಿಕೊಂಡು ಬೆಳೆದವು. ಗೋವೆಯ ವ್ಯಾಪಾರಿಯ ಲಾರಿ ಬಂದು ತುಂಬಿಕೊಂಡು ಹೋಗುತ್ತಿತ್ತು. ಆಮೇಲಾಮೇಲೆ ಮರಿಗಳ ಕೀಲುಗಳು ಬಾತುಕೊಳ್ಳತೊಡಗಿದವು. ದೊಡ್ಡ ಹಂದಿಗಳು ಇಕ್ಕಟ್ಟಿನಲ್ಲಿ ಕಚ್ಚಾಡಿದ ಗಾಯಗಳು ಮಾಯದೆ ಗಂಟಾಗಿ, ಗಂಟುಗಳಲ್ಲಿ ಕೀವು ತುಂಬಿಕೊಂಡಿತು. ಕೆಲವು ಮರಿಗಳ ಚರ್ಮವೆಲ್ಲ ಜಿಡ್ಡುಜಿಡ್ಡಾಗಿ ಕಪ್ಪು ಹಕ್ಕಳೆ ಕಟ್ಟಿತು. ಬಾಗಿಲು ತೆಗೆದರೆ ಹಂದಿಯ ನಾತವಲ್ಲ, ಕೊಳೆತ ಮಾಂಸದ ನಾತ ಹೊಡೆಯುತ್ತಿತ್ತಂತೆ. ಅಲ್ಲಿ ನಿಂತು ಬಂದ ಮೇಲೆ ಮರೆವ್ವನಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಂದಿಗಳೊಂದಿಗೆ ಹುಟ್ಟಿ ಬೆಳೆದವಳಿಗೆ ಅಷ್ಟು ಹೇಸಿಗೆಯಾಗಬೇಕಾದರೆ ಒಳಗೆ ಏನಿತ್ತೆಂದು ನೀವೇ ಊಹಿಸಿ. ಅವಳ ಸ್ವಂತ ಕರಿ ಹಂದಿಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಅವುಗಳಿಗೆ ಆ ಗೋಡೆಯೂ ಇರಲಿಲ್ಲ, ಆ ಪುಡಿಯೂ ಇರಲಿಲ್ಲ.

ಮರೆವ್ವ ಲಕ್ಕಪ್ಪನ ಮೂಲಕ ಹೇಳಿ ಕಳಿಸಿದಳು. ಪುಡಿ ಇಮ್ಮಡಿ ಹಾಕಲು ಅಪ್ಪಣೆ ಬಂತು. ಇಮ್ಮಡಿ ಹಾಕಿದಳು. ಕೆಲವು ದಿನ ಚೇತರಿಸಿಕೊಂಡಂತೆ ಕಂಡ ಹಂದಿಗಳು ಮತ್ತೆ ಬಿದ್ದವು. ಆಗ ಮತ್ತೊಂದು ಅಪ್ಪಣೆ ಬಂತು. ಲಾರಿ ಬರುವುದರೊಳಗೆ ಹಂದಿಗಳ ಮೈಮೇಲೆ ಎದ್ದ ಗಂಟುಗಳನ್ನೆಲ್ಲ ಕೊಯ್ದು, ಕೀವು ಹಿಂಡಿ, ತೊಳೆದು, ಗಾಯಕ್ಕೆ ಅರಿಶಿನ ಹಚ್ಚಿ ನಿಲ್ಲಿಸಬೇಕು. ವ್ಯಾಪಾರಿಯ ಕಣ್ಣಿಗೆ ಕಚ್ಚಿದ ಗಾಯದಂತೆ ಕಾಣಬೇಕು. ಅವುಗಳನ್ನು ಎಲ್ಲಿ ಯಾರು ತಿಂದರೋ ನನಗೆ ಗೊತ್ತಿಲ್ಲ. ಅಪ್ಪಣೆ ಕೊಟ್ಟವನು ಅದೇ ಹೊತ್ತಿಗೆ ಲಿಂಗಪೂಜೆ ಮುಗಿಸಿ ಮೊಸರನ್ನ ಉಂಡಿರಬೇಕು.

ಹಾಗೆ ಕೊಯ್ಯುವಾಗ ಒಂದು ಹಂದಿ ಒದ್ದು, ಮರೆವ್ವನ ಬಲಗೈಯ ತೋರುಬೆರಳಿನ ಬುಡಕ್ಕೆ ಬ್ಲೇಡು ತಾಗಿತು. ಸಣ್ಣ ಗಾಯ. ಅವಳು ಅದಕ್ಕೆ ಹಂದಿಯ ಪುಡಿಯನ್ನೇ ಉದುರಿಸಿಕೊಂಡಳು, ಮಜ್ಜಿಗೆಯಲ್ಲಿ ಕದಡಿ ಒಂದಿಷ್ಟು ಕುಡಿದಳು ಕೂಡ. ದೊಡ್ಡ ಮನೆಯವರು ಹಣ ಹಾಕಿ ತರಿಸುವ ಔಷಧ ಎಂದರೆ ಒಳ್ಳೆಯದೇ ಇರಬೇಕು ಎಂಬ ನಂಬಿಕೆ ಅವಳದು. ಕೈ ಊದಿಕೊಂಡಿತು. ಶಟ್ಟೆಪ್ಪ ಅವಳನ್ನು ಬಸ್ಸು ಹತ್ತಿಸಿ ಬೈಲಹೊಂಗಲಕ್ಕೆ ಕರೆತಂದ.

ನಾನು ಆಗ ಅಲ್ಲಿ ಡಾಕ್ಟರ್ ಸತ್ಯಪ್ಪನವರ ಖಾಸಗಿ ದವಾಖಾನೆಯಲ್ಲಿ ನರ್ಸು. ಸುತ್ತಿದ್ದ ಬಟ್ಟೆ ಬಿಚ್ಚಿದಾಗ ಅಂಗೈ ಉಬ್ಬಿ ಬಿರಿದಿತ್ತು, ಮುಂಗೈಯಿಂದ ಮೇಲಕ್ಕೆ ಕೆಂಪು ಗೆರೆ ಏರುತ್ತಿತ್ತು. ಡಾಕ್ಟರು ಕೊಯ್ದು ಕೀವು ತೆಗೆದರು. ಪೆನ್ಸಿಲಿನ್ ಕೊಟ್ಟರು, ಸ್ಟ್ರೆಪ್ಟೋಮೈಸಿನ್ ಕೊಟ್ಟರು, ಮಾತ್ರೆ ಕೊಟ್ಟರು. ನೀರಿಗೆ ಚುಚ್ಚಿದಂತಾಯಿತು. ಜ್ವರ ಇಳಿಯಲಿಲ್ಲ, ಗೆರೆ ಇಳಿಯಲಿಲ್ಲ. ಕೀವನ್ನು ಬೆಳಗಾವಿಯ ಪ್ರಯೋಗಾಲಯಕ್ಕೆ ಕಳಿಸಿದರು. ಊತ ಮೊಣಕೈ ದಾಟಿದರೆ ಜೀವ ಉಳಿಸಲು ಕೈಯನ್ನೇ ತೆಗೆಯಬೇಕಾಗುತ್ತದೆ ಎಂದು ಶಟ್ಟೆಪ್ಪನಿಗೆ ಹೇಳಿದರು. ಮರೆವ್ವ ಅದನ್ನು ಕೇಳಿಸಿಕೊಂಡಳು.

“ಜೀವಾ ಹೋದ್ರ ಹೋಗ್ಲಿ ಯವ್ವಾ, ಕೈ ಮಾತ್ರ ತಗಿಸಬ್ಯಾಡ,” ಎಂದಳು ನನಗೆ. “ಒಂದ ಕೈಲೆ ರೊಟ್ಟಿ ಹೆಂಗ ಬಡೀಲಿ? ತಮ್ಮನ ಹೇಂತಿ ಎಷ್ಟ ದಿನ ಹಾಕ್ಯಾಳು?”

ಬೆಳಗಾವಿಯಿಂದ ಉತ್ತರ ಬಂದ ದಿನ ಡಾಕ್ಟರು ತಲೆ ಮೇಲೆ ಕೈ ಹೊತ್ತು ಕೂತರು. ತಾವು ಕೊಟ್ಟ ಔಷಧಗಳಲ್ಲಿ ಒಂದೂ ಈ ಕೀವಿನ ಸೂಕ್ಷ್ಮಜೀವಿಯನ್ನು ಕೊಲ್ಲುವುದಿಲ್ಲವಂತೆ. ಹುಟ್ಟಿದಾಗಿನಿಂದ ಒಂದು ಸೂಜಿಯನ್ನೂ ಕಾಣದ ಹೆಂಗಸಿಗೆ ಇಂಥದ್ದು ಎಲ್ಲಿಂದ ಬಂತು ಎಂದು ಅವರಿಗೆ ಆಶ್ಚರ್ಯ. ಮರೆವ್ವ ಹಂದಿಮನೆಯ ಸುದ್ದಿಯನ್ನೇ ಎತ್ತಿರಲಿಲ್ಲ. ಎತ್ತಿದರೆ ದೊಡ್ಡ ಮನೆಯವರ ಮರ್ಯಾದೆ ಹೋಗುತ್ತದೆ ಎಂದು ಹಲ್ಲು ಕಚ್ಚಿಕೊಂಡಿದ್ದಳು. ಕೊಳೆಯುತ್ತಿದ್ದುದು ಇವಳ ಕೈ, ಚಿಂತೆ ಅವನ ಮರ್ಯಾದೆಯದು. ಅವಳು ಏನೋ ಮುಚ್ಚಿಡುತ್ತಿದ್ದಾಳೆ ಎನಿಸಿ ನಾನು ಗಾಯ ತೊಳೆಯುತ್ತ ಸಿಟ್ಟಿನಿಂದ ಬೈದೆ. ಬೈದ ಮೇಲೆ ಎಲ್ಲ ಹೊರಗೆ ಬಂತು, ಬಿಳಿ ಹಂದಿ, ಹಳದಿ ಪುಡಿ, ಲಾರಿ, ಬ್ಲೇಡು.

ಡಾಕ್ಟರು ಶಟ್ಟೆಪ್ಪನನ್ನು ಕೂರಿಸಿ ತಿಳಿಸಿ ಹೇಳಿದರು.

“ದಿನಾ ಸ್ವಲ್ಪ ಸ್ವಲ್ಪ ಔಷಧ ಹಾಕಿದ್ರ ಏನ ಆಗತೈತಿ ಗೊತ್ತೇನ? ಸಾಯೂ ಹುಳ ಸಾಯತಾವ. ಸಾಯಲಾರದ ಗಟ್ಟಿ ಹುಳ ಉಳಕೊಂಡು ಅವ ಬೆಳೀತಾವ. ಆ ಹಂದಿಮನಿಯಾಗ ಈಗ ಬರೇ ಗಟ್ಟಿ ಹುಳ ಅದಾವ. ನಿಮ್ಮಕ್ಕನ ಕೈಯಾಗ ಅವ ಹೊಕ್ಕಾವ.”

ಒಂದೇ ದಾರಿ ಉಳಿದಿತ್ತು. ಜೆಂಟಾಮೈಸಿನ್ ಎಂಬ ಇಂಜೆಕ್ಷನ್, ಆಗ ನಮ್ಮ ಕಡೆ ಹೊಸದು, ತುಟ್ಟಿ, ಹುಬ್ಬಳ್ಳಿಗೆ ಹೋದರೆ ಸಿಗಬಹುದು. ನಿಜಗುಣಪ್ಪನ ಬಳಿ ಜೀಪಿತ್ತು, ಹಣವಿತ್ತು. ತನ್ನ ಹಂದಿಯಿಂದ ಆದದ್ದಕ್ಕೆ ಇಷ್ಟಾದರೂ ಮಾಡಲಿ ಎಂದು ಕೇಳಲು ನಾನೇ ಹೋದೆ.

ನನ್ನ ಬಿಳಿ ಸೀರೆ ನೋಡಿ ನನ್ನನ್ನು ಪಡಸಾಲೆಗೆ ಕರೆದು ಕುರ್ಚಿ ಹಾಕಿಸಿದ. ಸೊಸೆ ದೇವಕ್ಕ ಬಟ್ಟಲಲ್ಲಿ ಚಹಾ ತಂದುಕೊಟ್ಟಳು. ನನ್ನ ಕೇರಿ ಯಾವುದೆಂದು ಗೊತ್ತಿದ್ದರೆ ಆ ಬಟ್ಟಲನ್ನು ತಿಪ್ಪೆಗೆ ಎಸೆಯಬೇಕಾಗುತ್ತಿತ್ತು, ಪಾಪ. ಊರ ಹಿರಿಯರು ನಾಲ್ಕಾರು ಮಂದಿ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ನಾನು ಮರೆವ್ವನ ಕೈಯ ವಿಷಯ ಹೇಳಿದೆ, ಪುಡಿಯ ವಿಷಯ ಹೇಳಿದೆ. ಹಂದಿ ಎಂಬ ಪದ ನನ್ನ ಬಾಯಿಂದ ಬಿದ್ದದ್ದೇ ತಡ, ಅವನು ಶಲ್ಯದಿಂದ ಮೂಗು ಮುಚ್ಚಿಕೊಂಡ. ಕೋಣೆಯಲ್ಲಿ ಊದಿನಕಡ್ಡಿಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

“ನಮ್ಮ ಮನಿತನಕ್ಕೂ ಹಂದಿಗೂ ಏನ ಸಂಬಂಧರೀ ಬಾಯಾರ?” ಎಂದ. “ಇಂಥಾ ಹೊಲಸ ಮಾತ ನಮ್ಮ ಪಡಸಾಲಿಯಾಗ ಯಾರೂ ಆಡಿಲ್ಲ. ಹಂದಿ ಅಕೀವು. ಕಾಗದದಾಗ ಅಕಿ ಹೆಸರ ಐತಿ.”

ಹಿರಿಯರು ತಲೆ ತಗ್ಗಿಸಿ ಅಡಿಕೆ ಕತ್ತರಿಸುತ್ತಿದ್ದರು. ನಾನು ಎದ್ದು ನಿಂತೆ.

“ಆತ್ರಿ. ಹಂದಿ ಮರೆವ್ವನವು ಅಂತ ನೀವ ನಿಮ್ಮ ಬಾಯಿಲೆ ಅಂದ್ರಿ. ಇವರೆಲ್ಲಾರೂ ಕೇಳ್ಯಾರ.”

“ನೂರ ಸಲ ಅಂತೇನಿ,” ಎಂದ. ನಾನು ಹಿಂದಿರುಗಿದೆ. ದಾರಿಯುದ್ದಕ್ಕೂ ಬಾಯಲ್ಲಿ ಆ ಚಹಾದ ರುಚಿ ಕಹಿಯಾಗಿ ಉಳಿದಿತ್ತು. ಹಳ್ಳದ ಹತ್ತಿರ ಉಗುಳಿ ಬಾಯಿ ತೊಳೆದುಕೊಂಡೆ.

ಶಟ್ಟೆಪ್ಪ ಮರೆವ್ವನ ಕರಿ ಹಂದಿಗಳನ್ನು ಕಿತ್ತೂರಿಗೆ ಹೊಡೆದುಕೊಂಡು ಹೋಗಿ ಮಾರಿದ. ಅಲ್ಲಿಂದಲೇ ಲಾರಿ ಹತ್ತಿ ಹುಬ್ಬಳ್ಳಿಗೆ ಹೋಗಿ, ಅಂಗಡಿ ಅಂಗಡಿ ಅಲೆದು ಇಂಜೆಕ್ಷನ್ ತಂದ. ಅವನು ಬರುವಷ್ಟರಲ್ಲಿ ಗೆರೆ ಮೊಣಕೈ ಮುಟ್ಟಿತ್ತು. ಮೊದಲ ಸೂಜಿ ನಾನೇ ಚುಚ್ಚಿದೆ. ಜ್ವರ ಬಿಡಲು ಕೆಲವು ದಿನ ಹಿಡಿಯಿತು, ಬಿಟ್ಟಿತು. ತೋಳು ಉಳಿಯಿತು. ಆದರೆ ತೋರುಬೆರಳು, ನಡುಬೆರಳಿನ ಎಲುಬು ಕೊಳೆತುಹೋಗಿತ್ತು. ಎರಡನ್ನೂ ಬುಡದಿಂದ ತೆಗೆದರು. ಉಳಿದ ಬೆರಳುಗಳು ಸೆಟೆದು ಕೊಕ್ಕೆಯಂತಾದವು. ಬಟ್ಟೆ ಬಿಚ್ಚಿದ ದಿನ ಮರೆವ್ವ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಹತ್ತಿ ಬಿಡಿಸುವ ಕೈಯಲ್ಲ ಬಿಡು ಎಂದಳು. ಅಳಲಿಲ್ಲ. ನನಗೆ ಅಳು ಬಂತು.

ಊರಿಗೆ ಹೋದವಳು ಮೊದಲು ಮಾಡಿದ ಕೆಲಸವೆಂದರೆ ಸರಕಾರಿ ಪಶುವೈದ್ಯರನ್ನು ಕರೆಸಿದ್ದು. ಹಂದಿ ತನ್ನವು ಎಂದ ಮೇಲೆ ಯಾರನ್ನು ಕೇಳಬೇಕಿತ್ತು? ವೈದ್ಯರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಒಳಗೆ ಹೋಗಿ, ಹೊರಗೆ ಬಂದು ಗಿಡದ ಬುಡದಲ್ಲಿ ಕಕ್ಕಿದರು. ರೋಗದವು ಬದುಕುವುದಿಲ್ಲ, ಯಾವ ಔಷಧವೂ ನಾಟುವುದಿಲ್ಲ, ಮಾರುವುದಂತೂ ಕೂಡದು ಎಂದರು. ನೋಡಿದರೆ ಗಟ್ಟಿಯಾಗಿದ್ದವು ಬೆರಳೆಣಿಕೆಯಷ್ಟು. ಅಷ್ಟರಲ್ಲಿ ಗೋವೆಯ ಲಾರಿ ಬಂತು. ವ್ಯಾಪಾರಿ ಅರ್ಧ ಬೆಲೆಗೆ ಎಲ್ಲವನ್ನೂ ಕೇಳಿದ. ಮರೆವ್ವ ಲಾರಿಯನ್ನು ಖಾಲಿ ಕಳಿಸಿದಳು. ಕೇರಿಯವರು ತಗ್ಗು ತೋಡಿದರು, ರೋಗದ ಹಂದಿಗಳನ್ನೆಲ್ಲ ಕೊಂದು ಸುಣ್ಣ ಸುರಿದು ಮುಚ್ಚಿದರು. ನಿಜಗುಣಪ್ಪ ತನ್ನ ಮಾಳಿಗೆಯ ಮೇಲೆ ನಿಂತು ನೋಡುತ್ತಿದ್ದ. ತನ್ನ ಹಣ ಮಣ್ಣಾಗುವುದನ್ನು ನೋಡುತ್ತ ಒಂದು ಮಾತೂ ಆಡಲಾಗದೆ ನಿಂತದ್ದನ್ನು, ನಾನು ಮರೆವ್ವನ ಕೈ ನೋಡಲು ಅವಳ ಖೋಲಿಗೆ ಹೋಗಿದ್ದ ದಿನ, ಲಕ್ಕಪ್ಪ ಬಂದು ಹೇಳಿದಾಗ ನನಗೆ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

ಆದರೆ ಲಕ್ಕಪ್ಪ ಇನ್ನೊಂದು ಮಾತನ್ನೂ ಹೇಳಿದ. ದೊಡ್ಡ ಮನೆಯ ಕಣಜದಲ್ಲಿ ಹಳದಿ ಪುಡಿಯ ಚೀಲಗಳು ಉಳಿದುಬಿಟ್ಟಿದ್ದವು. ಹಣ ಕೊಟ್ಟು ತಂದದ್ದನ್ನು ಎಸೆಯುವುದುಂಟೇ? ನಿಜಗುಣಪ್ಪ ಅದನ್ನು ತನ್ನ ಎಮ್ಮೆಗಳ ಹಿಂಡಿಯಲ್ಲಿ ಕಲಸಿಸುತ್ತಿದ್ದ. ದಿನಾ, ಒಂದೊಂದು ಮುಷ್ಟಿ. ಹಾಲು ಮನೆಯವರಿಗೆ, ಪೂಜೆಗೆ, ಮೊಮ್ಮಗುವಿಗೆ. ನಾನು ಥೂ ಎಂದೆ. ಅವನ ಪುಡಿ, ಅವನ ಎಮ್ಮೆ, ಏನಾದರೂ ಮಾಡಿಕೊಂಡು ಸಾಯಲಿ ಎಂದೆ. ಮರೆವ್ವ ಎದ್ದಳು.

“ಸಣ್ಣ ಕೂಸ ಐತಿ ಯವ್ವಾ ಆ ಮನ್ಯಾಗ,” ಎಂದಳು.

ನಾನೂ ಜೊತೆಗೆ ಹೋದೆ. ಇಬ್ಬರೂ ಅಂಗಳದ ಹೊರಗೆ, ಕಟ್ಟೆಯ ಕೆಳಗೆ ನಿಂತೆವು. ದೇವಕ್ಕ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊಸ್ತಿಲ ಹತ್ತಿರ ಬಂದಳು. ಮಗುವಿಗೆ ವರ್ಷ ತುಂಬಿರಬೇಕು. ಮರೆವ್ವ ಸೆರಗಿನೊಳಗಿಂದ ಬಲಗೈ ಹೊರಗೆ ತೆಗೆದು ಎತ್ತಿ ಹಿಡಿದಳು.

“ಸಣ್ಣಕ್ಕಾರ, ಈ ಕೈ ನೋಡ್ರಿ. ಆ ಹಳದಿ ಪುಡಿ ದಿನಾ ಹಾಕಿದ್ದಕ್ಕ ಆದದ್ದ ಇದು. ಎಮ್ಮಿಗೆ ಹಾಕಬ್ಯಾಡ್ರಿ. ನಾಳಿ ಆ ಹಾಲ ಕುಡಿದ ಕೂಸಿಗೆ ಜಡ್ಡ ಬಂದ್ರ ಯಾವ ಔಷಧಾನೂ ನಾಟಂಗಿಲ್ಲ. ಕೈ ಮುಗೀತೇನಿ.”

ಮುಗಿಯಲು ಹೋದಳು. ಆ ಕೈ ಇನ್ನೊಂದಕ್ಕೆ ಸರಿಯಾಗಿ ಹೊಂದಲಿಲ್ಲ. ದೇವಕ್ಕ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ಅವಳು ಕೇಳಿಸಿಕೊಂಡಳು ಎಂದೇ ನಾನು ತಿಳಿದೆ. ಅಷ್ಟರಲ್ಲಿ ಒಳಗಿನಿಂದ ನಿಜಗುಣಪ್ಪ ಬಂದ. ಅವಳು ತಟ್ಟನೆ ಮಗುವಿನ ಮುಖಕ್ಕೆ ಸೆರಗು ಮುಚ್ಚಿ, ದೃಷ್ಟಿಯಾಗುತ್ತದೆ ಎಂದು ಗೊಣಗಿ ಒಳಗೆ ಹೋಗಿಬಿಟ್ಟಳು. ನಿಜಗುಣಪ್ಪ ನಮ್ಮಿಬ್ಬರನ್ನೂ ನೋಡಿದ. ನಾವು ತಿರುಗಿ ಹೊರಟೆವು.

ಮುಂದಿನದನ್ನು ಲಕ್ಕಪ್ಪನೇ ಹೇಳಿದ್ದು. ನಾವು ನಿಂತಿದ್ದ ನೆಲಕ್ಕೆ ನಿಜಗುಣಪ್ಪ ಸಗಣಿ ನೀರು ಹೊಡೆಸಿದ. ಹೊಡೆದು ಮುಗಿಸಿ, ಕೈ ತೊಳೆದುಕೊಂಡು, ಲಕ್ಕಪ್ಪ ಎಂದಿನಂತೆ ಎಮ್ಮೆಗಳ ಹಿಂಡಿಗೆ ಹಳದಿ ಪುಡಿ ಕಲಸಿದ. ಸಂಜೆ ಹಾಲು ಕರೆದು ಒಳಗೆ ಕೊಟ್ಟ. ದೇವಕ್ಕ ಅದನ್ನು ಕಾಯಿಸಿ, ಆರಿಸಿ, ಬೆಳ್ಳಿಯ ಬಟ್ಟಲಲ್ಲಿ ಮಗುವಿಗೆ ಕುಡಿಸಿದಳು.